ಗಂಟು ಬಿಚ್ಚಿದ ಕೀಲಿಕೈ

ಹಳೆಯ ಟ್ರಂಕಿನಲ್ಲಿ ಮೊನ್ನೆ ಒಂದು ಕೀಲಿಕೈ ಸಿಕ್ಕಿತು. ಅದಕ್ಕೆ ಕಟ್ಟಿದ ಜೀನ್ಸ್ ಬಟ್ಟೆಯ ಚೂರಿನಲ್ಲಿ ಇನ್ನೂ ಮಿಷನ್ ಎಣ್ಣೆಯ ವಾಸನೆ... ಅಣ್ಣನ ಅಂಗಿಗೂ ಇದೇ ವಾಸನೆ ಇತ್ತು.

ರಾಯದುರ್ಗದಲ್ಲಿ ಅಂಗಡಿ, ಗೋದಾಮು, ಜೀನ್ಸ್ ಹೊಲಿಯುವ ಶೆಡ್ಡುಗಳನ್ನು ಬಾಡಿಗೆಗೆ ಕೊಡಿಸುವುದು ಅಣ್ಣನ ಕೆಲಸ. ಮಾಲೀಕರು ಕೀಲಿಕೈಯನ್ನು ಅವನಲ್ಲೇ ಬಿಟ್ಟಿರುತ್ತಿದ್ದರು. ಮಳೆ ಬಂದು ಜನ ಮನೆ ಸೇರುವಾಗ ಅವನು ಹೊರಡುತ್ತಿದ್ದ. ಖಾಲಿ ಶೆಡ್ಡುಗಳ ಬಾಗಿಲು ತೆಗೆದು ಒಳಗೆ ನಿಲ್ಲುತ್ತಿದ್ದ. ನೀರು ನುಗ್ಗಿದರೆ ಆ ಕೀಲಿಕೈಯ ಬಟ್ಟೆಗೆ ಒಂದು ಗಂಟು. ಬಾಡಿಗೆಗೆ ಬರುವ ದರ್ಜಿಗಳೆಲ್ಲ ಮೊದಲು ಅದನ್ನೇ ನೋಡುತ್ತಿದ್ದರು.

ಆಮೇಲೆ ಕಂಪನಿ ಬಂತು. ಜಾಗ ಹುಡುಕುವುದರಿಂದ ಕರಾರಿನವರೆಗೆ ಎಲ್ಲ ಸೇವೆ ಒಂದೇ ಕಡೆ ಎಂದು ಬೋರ್ಡು ಹಾಕಿತು. ಸೇವೆಯಂತೆ! ಅವರಲ್ಲಿ ಒಬ್ಬನೂ ಮಳೆಯಲ್ಲಿ ಕಾಲು ಒದ್ದೆ ಮಾಡಿಕೊಂಡವನಲ್ಲ. ಆರನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು, ಕೊರಳಿಗೊಂದು ಗುರುತಿನ ಕಾರ್ಡು ಸಿಗುತ್ತದೆಂದು ಅಲ್ಲಿ ಸೇರಿದೆ. ಅಣ್ಣ ಹುಣಸೆಹಣ್ಣಿನ ಗೋದಾಮು ನೋಡಲು ಮಡಕಶಿರಾಕ್ಕೆ ಹೋಗಿ ಒಂದು ವಾರ ಉಳಿದಾಗ, ಕಂಪನಿಯ ಸಾಹೇಬರು ಕೇಳಿದರೆಂದು ಅವನ ಗೊಂಚಲಿನಿಂದ ಈ ಕೀಲಿಕೈ ತೆಗೆದೆ. ಗಂಟನ್ನು ಹಲ್ಲಿನಿಂದ ಬಿಚ್ಚಿದೆ.

ಶೆಡ್ಡು ಬಾಡಿಗೆಗೆ ಕೇಳಿ ಬಂದ ಡಿ. ಹಿರೇಹಾಳಿನ ದರ್ಜಿಯೊಬ್ಬ ಅದನ್ನು ನೋಡಿ ನಕ್ಕ. “ನಿಮ್ಮಣ್ಣಾರ ಕೀಲಿಕೈ, ಗಂಟಿಲ್ಲ. ಇನ್ನ ಒಳಗೇನ್ ನೋಡೋದ್ರಿ?” ಅಲ್ಲೇ ಕರಾರಿಗೆ ಸಹಿ ಹಾಕಿದ.

ಅಣ್ಣ ಮರಳುವ ಮೊದಲೇ ದೊಡ್ಡ ಮಳೆ ಬಂತು. ದರ್ಜಿಯ ಮಿಷನ್‌ಗಳು ನೀರಲ್ಲಿ ಮುಳುಗಿದವು. “ಕರಾರಿನಾಗ ಮಳಿ ಸುದ್ದಿ ಎಲ್ಲೈತಿ ತೋರ್ಸ್ರಿ,” ಎಂದರು ಸಾಹೇಬರು, ನಷ್ಟ ಕೇಳಲು ಹೋದ ಅವನಿಗೆ. ಅಣ್ಣ ಬಂದ ದಿನ ದರ್ಜಿ ಕೆಸರು ಮೆತ್ತಿದ ಪ್ಯಾಂಟುಗಳನ್ನು ತಂದು ನಮ್ಮ ಬಾಗಿಲಲ್ಲಿ ಎಸೆದ.

“ಒಂದು ಗಂಟು ಹಾಕಾಕ ಕೈ ನೋಯ್ತಿತ್ತೇನ್ರಿ? ನೀವೂ ಆ ಕಂಪನಿಯವರ ಪೈಕೀನ ಆದ್ರೇನು?”

ಅಣ್ಣ ನನ್ನನ್ನು ಒಮ್ಮೆ ನೋಡಿದ. ಕೊರಳಲ್ಲಿ ಕಾರ್ಡು ತೂಗುತ್ತಿತ್ತು. ನಾನು ಅದನ್ನು ಅಂಗಿಯೊಳಗೆ ತುರುಕಿಕೊಂಡೆ...

“ನಂದೇ ತಪ್ಪಪ್ಪ,” ಎಂದ ಅಣ್ಣ.

ಮರುದಿನ ಮನೆಮನೆಗೆ ಹೋಗಿ ಎಲ್ಲರ ಕೀಲಿಕೈ ಹಿಂದಿರುಗಿಸಿದ. ಆ ಶೆಡ್ಡಿನ ಬೀಗ ಬದಲಾಗಿದ್ದರಿಂದ ಇದೊಂದು ಉಳಿಯಿತು. ಅಣ್ಣ ತೀರಿಕೊಂಡು ಈಗ ನಾಲ್ಕು ವರ್ಷ.

ಅದೇ ಶೆಡ್ಡಿನ ಮೇಲೆ ‘ಬಾಡಿಗೆಗಿದೆ’ ಎಂದು ಕಂಪನಿಯ ಬೋರ್ಡು ಮತ್ತೆ ನೇತಾಡುತ್ತಿದೆ, ನಾಚಿಕೆಯಿಲ್ಲದೆ. ನಾಚಿಕೆಯ ಮಾತಾಡಲು ನಾನ್ಯಾರು? ನಿನ್ನೆ ಕೀಲಿಕೈ ಹಿಡಿದು ಡಿ. ಹಿರೇಹಾಳಿಗೆ ಹೋದೆ. ಗಂಟು ಬಿಚ್ಚಿದವನು ನಾನು ಎಂದು ಹೇಳಿದೆ. ಹೊಡೆಯುತ್ತಾನೆ ಎಂದುಕೊಂಡಿದ್ದೆ. ದರ್ಜಿ ಆ ಬಟ್ಟೆಯ ಚೂರನ್ನು ಬೆರಳಲ್ಲಿ ಸವರಿದ.

“ಅವತ್ತ ಹೇಳಿದ್ರ ನಿಮ್ಮನ್ನ ಬೈತಿದ್ದೆ, ಮುಗೀತಿತ್ತು,” ಎಂದ. “ನಿಮ್ಮಣ್ಣಾರಿಗೆ ಬೈದದ್ದನ್ನ ಈಗ ಯಾರ ಮುಂದ ವಾಪಸ್ ತಗೊಳ್ಳಲ್ರಿ ನಾನು?”