ತಿಪ್ಪೆಯ ತಳದ ಗೊಬ್ಬರ

ಕಸ್ತೂರಿ, ನಿನ್ನ ತಾವರೆ ಗಡ್ಡೆ ಕೊಳೆತದ್ದು ನಿನ್ನ ಕೈಗುಣದಿಂದಲ್ಲ. ನನ್ನಿಂದ. ತಿಳಿಯದೆ ಆದದ್ದೂ ಅಲ್ಲ—

ನೀನು ಕಿರಿ ಸೊಸೆಯಾಗಿ ಬಂದ ಮರುವರ್ಷವೇ ಅತ್ತೆ, ಬಿತ್ತುವ ದಿನ ಕೂರಿಗೆಗೆ ಮೊದಲ ಹಿಡಿ ಬೀಜ ಹಾಕುವ ಮಾನವನ್ನು ನನ್ನಿಂದ ತೆಗೆದು ನಿನಗೆ ಕೊಟ್ಟರು. "ಆಕಿ ಕೈ ಹಚ್ಚಿದ್ದು ಹುಸಿ ಹೋಗೂದಿಲ್ಲ" ಅಂದರು. ಹನ್ನೊಂದು ವರ್ಷ ಬೀಜ ಹಾಕಿದವಳು ನಾನು, ಪಕ್ಕದಲ್ಲೇ ನಿಂತಿದ್ದೆ. ಅಂದಿನಿಂದ ನಿನ್ನ ಬಳೆಯ ಸಪ್ಪಳವೂ ನನಗೆ ಆಗಿಬರಲಿಲ್ಲ.

ಮುಂದಿನ ಬೇಸಿಗೆ ನೀನು, ತಾವರೆ ಬೆಳೆಸಿ ಅದರ ಗಡ್ಡೆಯ ಪಲ್ಯ ಉಣಿಸುತ್ತೇನೆಂದು, ಹಿತ್ತಲಲ್ಲಿ ನೀಲಿ ಬ್ಯಾರಲ್ ಕೊಯ್ಸಿ ಎರಡು ತೊಟ್ಟಿ ಮಾಡಿದೆ. ಕೆರೆಯ ಜಿಗಟು ಮಣ್ಣು ತಂದು, ಹರಳು ಆರಿಸಿ, ತುಳಿದು ಹದ ಮಾಡಿದೆ. ಅಷ್ಟರಲ್ಲಿ ಕಟಕೋಳದ ತವರಿನಿಂದ ಕರೆ ಬಂತು. ಹೊರಡುವಾಗ ನನಗೇ ಹೇಳಿದೆ: "ಅಕ್ಕಾರ, ತಳಕ್ಕ ತಿಪ್ಪಿ ತಳದ ಕಳತ ಗೊಬ್ಬರಾ ಹಾಕಿ ಮ್ಯಾಲ ಈ ಮಣ್ಣ ಮುಚ್ಚರಿ. ಹಸಿ ಸಗಣಿ ಬ್ಯಾಡ್ರಿ, ನೀರಾಗ ಕುದ್ದು ಗಡ್ಡಿ ಸುಡತೈತಿ."

ನೀನು ಹೇಳಿದ್ದರಿಂದಲೇ ನನಗೆ ದಾರಿ ಗೊತ್ತಾಯಿತು.

ಅಂದು ಬೆಳಿಗ್ಗೆ ಎಮ್ಮೆ ಹಾಕಿದ ಸಗಣಿಯನ್ನೇ ತುಂಬಿದೆ. ಮೇಲೆ ನಿನ್ನ ಮಣ್ಣು ಹರವಿ, ಅಂಗೈಯಿಂದ ಸವರಿ ನುಣುಪು ಮಾಡಿದೆ. ಅಷ್ಟು ಚೆಂದವಾಗಿ ನನ್ನ ಒಲೆಯನ್ನೂ ಸಾರಿಸಿರಲಿಲ್ಲ.

ನೀನು ಬಂದು ಗಡ್ಡೆ ಇಟ್ಟೆ, ನೀರು ಬಿಟ್ಟೆ. ಕೆಲವೇ ದಿನಗಳಲ್ಲಿ ಗುಳ್ಳೆ, ನೊರೆ, ನಾತ. ಗಡ್ಡೆ ನಿನ್ನ ಬೆರಳಲ್ಲೇ ಕರಗಿತು. ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡರು. "ಪಲ್ಯಾ ಉಣಸ್ತೇನಿ ಅಂದಿ, ಗಟಾರ ಮಾಡಿಟ್ಟೆಲ್ಲವಾ!"

ನೀನು ನನ್ನತ್ತ ತಿರುಗಿದೆ. "ಅಕ್ಕಾರ, ತಿಪ್ಪಿ ತಳದ್ದ ಹಾಕಿದ್ರಿ, ಹೌದಿಲ್ರಿ?"

"ತಳದ್ದ ಹಾಕೇನಿ. ನಿನ್ನ ಕೈಗುಣಕ್ಕ ನಾ ಏನ ಮಾಡ್ಲಿ?"

ಆ ಮಾತನ್ನು ಅತ್ತೆ ಹಿಡಿದುಕೊಂಡರು. ಆ ಮುಂಗಾರಿಗೆ ಮೊದಲ ಹಿಡಿ ಮತ್ತೆ ನನ್ನದಾಯಿತು. ಎತ್ತು ಹೋಗಿ ಟ್ರ್ಯಾಕ್ಟರ್ ಬಂದರೂ ಅದು ನನ್ನದೇ. ನೀನು ಬುತ್ತಿ ಹಿಡಿದು ಬದುವಿನ ಮೇಲೆ ನಿಲ್ಲುತ್ತೀ. ಆರು ವರ್ಷದಲ್ಲಿ ಏನನ್ನೂ ನೆಟ್ಟಿಲ್ಲ ನೀನು. ತುಳಸಿಗೂ ನೀರು ದೂರದಿಂದಲೇ ಹಾಕುತ್ತೀ— ಅದನ್ನು ನೋಡುತ್ತಲೇ ಬಂದೆ.

ನಿನ್ನೆ, ತೋರಿಸಿ ಹೇಳೋಣವೆಂದು, ಮೂಲೆಯಲ್ಲಿ ಒಣಗಿ ಬಿದ್ದ ಆ ತೊಟ್ಟಿಗಳನ್ನು ಅಗೆದೆ. ತಳದಲ್ಲಿ ನಾನು ತುಂಬಿದ್ದ ಸಗಣಿ ಸಗಣಿಯಾಗಿ ಉಳಿದಿರಲಿಲ್ಲ. ಕಪ್ಪಗೆ, ಹುಡಿಯಾಗಿ, ಕಳಿತ ಗೊಬ್ಬರ— ನೀನು ಅಂದು ಕೇಳಿದ್ದಂಥದೇ.

ಇನ್ನು ಸಾಕ್ಷಿಗೆ ನನ್ನ ಬಾಯಿ ಒಂದೇ. ನಾಡಿದ್ದು ಬಿತ್ತನೆ. ಅತ್ತೆ ನನ್ನ ಉಡಿಗೆ ಬೀಜ ಸುರಿಯುವ ಮೊದಲು, ಎಲ್ಲರೂ ನಿಂತಿರುವಾಗ, ಹೇಳುತ್ತೇನೆ.