ನೀಲಕ್ಕ ಆರಿಸಿದ ಫಟಫಟಿ

ಮೊನ್ನೆ ಬೆಳಿಗ್ಗೆ ಕಟ್ಟೆಯ ಮೇಲೆ ಕುಳಿತು ಕೊತ್ತಂಬರಿ ಸೋಸುತ್ತಿದ್ದೆ. ಎದುರುಮನೆಯವರು ತಮ್ಮ ಬೈಕಿನ ಯಾವುದೋ ಭಾಗವನ್ನು ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದರು. ವಾಸನೆ ರಸ್ತೆ ದಾಟಿ ಬಂತು. ಸೀಮೆಎಣ್ಣೆ, ಸುಟ್ಟ ಎಣ್ಣೆ, ಕಬ್ಬಿಣ ಮೂರೂ ಕೂಡಿದ ವಾಸನೆ ಅದು. ನಿಮಗೆ ಗ್ಯಾರೇಜು ನೆನಪಾದೀತು. ನನಗೆ ನೆನಪಾಗುವುದು ಅಡಿಗೆಮನೆ. ನನ್ನ ಹರೆಯದಲ್ಲಿ ನಮ್ಮ ಅಡಿಗೆಮನೆಯ ಮೂಲೆಯಲ್ಲಿ, ನೀರಿನ ಹಂಡೆಯ ಪಕ್ಕ, ಒಂದು ಫಟಫಟಿ ನಿಲ್ಲುತ್ತಿತ್ತು.

ನಗಬೇಡಿ. ಮನೆಯೇ ಅಷ್ಟು ಚಿಕ್ಕದು, ಬೇರೆಲ್ಲಿ ನಿಲ್ಲಿಸುವುದು? ಕುಷ್ಟಗಿಯ ಸರಕಾರಿ ದವಾಖಾನೆಯ ಹಿಂದೆ ನರ್ಸಿಗೆಂದು ಕೊಟ್ಟ ಮನೆ ಅದು. ನರ್ಸು ನನ್ನ ಅಕ್ಕ ನೀಲಮ್ಮ. ಮದುವೆಯಾದ ಮರುವರ್ಷವೇ ಗಂಡನನ್ನು ಕಳೆದುಕೊಂಡು, ಗದಗಿಗೆ ಹೋಗಿ ಹೆರಿಗೆ ಮಾಡಿಸುವ ವಿದ್ಯೆ ಕಲಿತು, ನಿಜಾಮರ ಸೀಮೆಗೆ ವಾಪಸು ಬಂದು ನೌಕರಿ ಹಿಡಿದಿದ್ದಳು. ಊರಿಗೆಲ್ಲ ಅವಳು ನರ್ಸಬಾಯಿ. ತಂದೆ ತೀರಿದ ಮೇಲೆ ನಾನು ಅವಳ ಜೊತೆಗಿದ್ದೆ. ರೊಟ್ಟಿ ಬಡಿಯುವುದು, ಬಟ್ಟೆ ಕುದಿಸುವುದು, ಕರೆ ಬಂದಾಗ ಚೀಲ ಹಿಡಿದು ಅವಳ ಹಿಂದೆ ಹೋಗುವುದು, ಇವು ನನ್ನ ಕೆಲಸ.

ಮೂವತ್ತರ ದಶಕ ಮುಗಿಯುವ ಹೊತ್ತು. ಒಂದು ಸಲ ತಾವರಗೇರಾದ ಆಚೆಯ ಹಳ್ಳಿಯಿಂದ ಕರೆ ಬಂತು. ಚೊಚ್ಚಲ ಬಸುರಿ, ಕೂಸು ಅಡ್ಡ ತಿರುಗಿದೆ ಎಂದರು. ಚಕ್ಕಡಿಯಲ್ಲಿ ಹೊರಟೆವು. ಎತ್ತುಗಳು ತಮ್ಮ ಶಕ್ತಿ ಇದ್ದಷ್ಟು ನಡೆದವು. ನಾವು ಮುಟ್ಟುವಷ್ಟರಲ್ಲಿ ಅಂಗಳದಲ್ಲಿ ಹೆಂಗಸರು ಅಳುತ್ತ ಕುಳಿತಿದ್ದರು. ಅಕ್ಕ ಒಳಗೆ ಹೋಗಿ, ಆ ಹುಡುಗಿಯ ಮುಖ ನೋಡಿ, ಅವಳ ಸೀರೆ ಸರಿಮಾಡಿ ಹೊರಗೆ ಬಂದಳು. ವಾಪಸು ಬಂದು, ಮನೆಯಲ್ಲಿ ಕಾಲು ತೊಳೆಯುತ್ತ ಅಂದಳು:

“ಗಂಗೂ, ನನಗೊಂದು ಫಟಫಟಿ ಬೇಕವಾ.”

“ಹುಚ್ಚ ಹಿಡದೈತೇನ ನಿನಗ?”

“ಹಿಡೀಲಿ ಬಿಡು.”

ಫಟಫಟಿ ಅಂದರೆ ಮೋಟಾರ್‌ಸೈಕಲ್ಲು. ನಮ್ಮ ಕಡೆ ಈಗಲೂ ವಯಸ್ಸಾದವರ ಬಾಯಲ್ಲಿ ಅದೇ ಹೆಸರು. ಆಗ ನಾಲ್ಕು ತಾಲೂಕು ಹುಡುಕಿದರೂ ಬೆರಳಲ್ಲಿ ಎಣಿಸುವಷ್ಟು ಗಾಡಿಗಳಿದ್ದವೋ ಇಲ್ಲವೋ. ಯಾರ ಹತ್ತಿರ ಮಾರುವ ಗಾಡಿ ಇದೆ ಎಂದು ಅಕ್ಕ ದವಾಖಾನೆಗೆ ಬಂದವರನ್ನೆಲ್ಲ ವಿಚಾರಿಸಿದಳು. ಮೂರು ಸುಳಿವು ಸಿಕ್ಕವು.

ಮೊದಲನೆಯದು ಕೊಪ್ಪಳದಲ್ಲಿ, ರಸ್ತೆ ಕೆಲಸದಿಂದ ನಿವೃತ್ತರಾದ ಓವರ್‌ಸಿಯರ್ ಒಬ್ಬರದು. ಅಮೆರಿಕದ ಗಾಡಿ, ಎರಡು ಸಿಲಿಂಡರು, ಪಕ್ಕಕ್ಕೆ ತೊಟ್ಟಿಲಿನಂಥ ಆಸನ, ಅದಕ್ಕೊಂದು ಮೂರನೆಯ ಗಾಲಿ. ನಾನು ಆ ತೊಟ್ಟಿಲಲ್ಲಿ ಕುಳಿತವಳು ಏಳಲಿಲ್ಲ. ಕಾಲು ಚಾಚಬಹುದು, ಚೀಲ ತೊಡೆಯ ಮೇಲಿಟ್ಟುಕೊಳ್ಳಬಹುದು, ಊರವರು ನೋಡಬಹುದು. ವಾಹನದ ಆಯ್ಕೆಯಲ್ಲಿ ನನ್ನ ವಿಚಾರ ಅಲ್ಲಿಗೆ ಮುಗಿದಿತ್ತು. ಅಕ್ಕ ಮಾತ್ರ ಗಾಡಿಯ ಹಿಂದೆ ನಿಂತು ನೆಲ ನೋಡುತ್ತಿದ್ದಳು.

“ಸಾಹೇಬ್ರ, ಚಕ್ಕಡಿ ಜಾಡಿನಾಗ ಇದರ ಮೂರನೇ ಗಾಲಿ ಎಲ್ಲಿ ಹೊಕ್ಕೈತ್ರಿ?”

ಓವರ್‌ಸಿಯರ್ ಗಡ್ಡ ಕೆರೆದುಕೊಂಡರು. “ಅದು ಪಕ್ಕಾ ರಸ್ತೆಕ್ಕ ಮಾಡಿದ್ದವಾ.”

“ನಮ್ಮ ಕಡಿ ಪಕ್ಕಾ ರಸ್ತೆ ಯಾವಾಗ ಮಾಡಸ್ತೀರಿ?”

ನಿವೃತ್ತರಾದವರನ್ನು ಹಾಗೆ ಕೇಳಬಾರದಿತ್ತು. ಅವರು ಮಜ್ಜಿಗೆ ಕೊಟ್ಟು ಕಳಿಸಿದರು.

ಎರಡನೆಯದು ಯಲಬುರ್ಗಾದಲ್ಲಿ, ಹತ್ತಿ ವ್ಯಾಪಾರದ ಏಜೆಂಟರದು. ವಿಲಾಯತಿ ಗಾಡಿ. ಒಂದೇ ಸಿಲಿಂಡರು, ಆದರೆ ಹಿತ್ತಾಳೆಯ ಕೊಡದಷ್ಟು ದೊಡ್ಡದು. ಹೊಳೆಯುವ ಪೆಟ್ರೋಲಿನ ಟಾಕಿ, ಮೇಲೆ ಬಂಗಾರದ ಗೆರೆ. ಅದನ್ನು ಶುರು ಮಾಡುವುದಕ್ಕೆ ಒಂದು ಕ್ರಮವಿತ್ತು. ಒಂದು ಹಿಡಿಕೆ ಎತ್ತಿ ಒಳಗಿನ ಒತ್ತಡ ಬಿಡಬೇಕು, ಇನ್ನೊಂದನ್ನು ಹಿಂದಕ್ಕೆ ಎಳೆದು ಕಿಡಿಯನ್ನು ತಡಮಾಡಬೇಕು, ಆಮೇಲೆ ಒದೆಯಬೇಕು. ಕ್ರಮ ತಪ್ಪಿದರೆ ಗಾಡಿ ತಿರುಗಿ ಒದೆಯುತ್ತದೆ. ಏಜೆಂಟರು ಸ್ವಲ್ಪ ಕುಂಟುತ್ತಿದ್ದರು. ಕಾರಣ ನಾವು ಕೇಳಲಿಲ್ಲ.

ಅಕ್ಕ ಕಚ್ಚೆ ಬಿಗಿದು, ಹೇಳಿದಂತೆ ಮಾಡಿ ಒದ್ದಳು. ಗಾಡಿ ಶುರುವಾಯಿತು. ಏಜೆಂಟರಿಗೆ ಆಶ್ಚರ್ಯ, ನನಗೆ ಹೆಮ್ಮೆ. ಅಕ್ಕ ಅದನ್ನು ನಿಲ್ಲಿಸಿ ಅಂದಳು:

“ಈಗ ಇದನ್ನ ನೆಲಕ್ಕ ಕೆಡವ್ರಿ.”

“ಏನಂದ್ರಿ?”

“ಕೆಡವ್ರಿ. ಅಡವ್ಯಾಗ ಬಿದ್ರ ನಾನಽ ಎಬ್ಬಸಬೇಕಲ್ರಿ. ಎಬ್ಬಸಿ ನೋಡ್ತೀನಿ.”

ಏಜೆಂಟರ ಮುಖ ನೋಡುವಂತಿತ್ತು. ತಮ್ಮ ಮಗಳನ್ನು ಹೊಳೆಗೆ ನೂಕಿ ಎಂದಿದ್ದರೂ ಅಷ್ಟು ಗಾಬರಿಯಾಗುತ್ತಿದ್ದರೋ ಇಲ್ಲವೋ. ಕೊನೆಗೆ ಗೋಣಿತಟ್ಟು ಹಾಸಿ ಮೆಲ್ಲಗೆ ಮಲಗಿಸಿದರು. ಅಕ್ಕ ಎತ್ತಿದಳು, ಮತ್ತೆ ಎತ್ತಿದಳು, ನಾನೂ ಕೈ ಹಾಕಿದೆ. ಗಾಡಿ ಮಲಗಿದಲ್ಲೇ ಸುಖವಾಗಿತ್ತು. “ಛಲೋ ಗಾಡಿ ಐತ್ರಿ, ಆದ್ರ ನಮ್ಮ ಕೈಯಾಗಿಂದಲ್ಲ,” ಎಂದು ಅಕ್ಕ ಕೈ ಒರೆಸಿಕೊಂಡಳು.

ಮೂರನೆಯದು ಗಂಗಾವತಿಯಲ್ಲಿ, ಬೇರೆ ಊರಿಗೆ ವರ್ಗವಾಗಿದ್ದ ಒಬ್ಬ ಡಾಕ್ಟರ್ ಸಾಹೇಬರ ಹತ್ತಿರ. ನೋಡಿದರೆ ನನಗೆ ನಗು ಬಂತು. ಸೈಕಲ್ಲಿಗೆ ಸ್ವಲ್ಪ ಮೈ ಬಂದಂತಿತ್ತು. ದೀಪ ಮಿಣಿಮಿಣಿ, ಸದ್ದು ಚಿರಿಚಿರಿ. ಹೊಸಪೇಟೆಯಲ್ಲಿ ಕೊಂಡು, ಹನುಮನಹಳ್ಳಿಯ ಹತ್ತಿರ ಹರಿಗೋಲಿನಲ್ಲಿ ಹೊಳೆ ದಾಟಿಸಿ ತಂದದ್ದಂತೆ. ಅಂಬಿಗನೊಬ್ಬನೇ ಅದನ್ನು ದಂಡೆಗೆ ಎತ್ತಿ ಇಟ್ಟನಂತೆ. ಅಕ್ಕನ ಕಿವಿ ನೆಟ್ಟಗಾದದ್ದು ಆ ಮಾತಿಗೆ. ಅವಳೂ ಎತ್ತಿ ನೋಡಿದಳು. ಎದ್ದು ನಿಂತಿತು.

ಈ ಜಾತಿಯ ಗಾಡಿಗೆ ಎಣ್ಣೆಯನ್ನು ಪೆಟ್ರೋಲಿನಲ್ಲೇ ಬೆರೆಸಬೇಕು. ಒಳಗೆ ಕುಣಿಯುವ ಭಾಗಗಳು ಕಡಿಮೆ, ಕೆಡುವ ಭಾಗಗಳೂ ಕಡಿಮೆ. ಸಾಹೇಬರು ಅಳೆದು ತೋರಿಸಿದರು. “ದವಾ ಕಲಸಿದಂಗ ಕಲಸಬೇಕ್ರಿ ಬಾಯಿ. ಜಾಸ್ತಿ ಆತು, ಹೊಗಿ. ಕಮ್ತಿ ಆತು, ಎಂಜಿನ್ ಖಲಾಸ್.” ಅಕ್ಕ ಅವರ ಬೇಗಂ ಜೊತೆ ಉಳಿದು, ಭತ್ತದ ಕಣದಲ್ಲಿ ಬಿದ್ದು ಎದ್ದು ಓಡಿಸುವುದನ್ನು ಕಲಿತಳು. ಕೊಂಡದ್ದು ಹೇಗೆಂದು ನಾನು ಕೇಳಲಿಲ್ಲ. ಅವಳ ಸೊಂಟದ ಬೆಳ್ಳಿಯ ಡಾಬನ್ನು ಆಮೇಲೆ ನಾನು ನೋಡಲಿಲ್ಲ. ಹಿಂದೆ ಸಾಮಾನಿಡುವ ಕಬ್ಬಿಣದ ಚೌಕಟ್ಟಿನ ಮೇಲೆ ದಿಂಬು ಕಟ್ಟಿಕೊಂಡು ಕುಳಿತು ಕುಷ್ಟಗಿಗೆ ಬಂದವಳು ನಾನು. ಕೊಪ್ಪಳದ ತೊಟ್ಟಿಲು ದಾರಿಯುದ್ದಕ್ಕೂ ನೆನಪಾಯಿತು.

ಕೊಳ್ಳುವುದಕ್ಕಿಂತ ಸಾಕುವುದು ದೊಡ್ಡದು ಎಂದು ಬೇಗ ತಿಳಿಯಿತು. ಜಾಲಿಮುಳ್ಳು ದಿನಾ ಗಾಲಿಗೆ. ಪ್ಲಗ್ಗಿಗೆ ಮಸಿ ಹಿಡಿದರೆ ಕಿಡಿ ಇಲ್ಲ. ಹೊಗೆ ಹೋಗುವ ಕಂಡಿಯಲ್ಲಿ ಕರಿ ಗಟ್ಟಿಯಾಗಿ ಕೂತರೆ ಗಾಡಿ ಏರು ಹತ್ತದು. ಅದನ್ನು ಬಿದಿರಿನ ಸೀಳಿನಿಂದ ಕೆರೆಯಬೇಕು, ಕಬ್ಬಿಣ ತಾಗಿಸಬಾರದು. ಮಳೆಗಾಲದಲ್ಲಿ ಎರೆಮಣ್ಣು ಗಾಲಿಗೂ ಮೇಲಿನ ತಗಡಿಗೂ ನಡುವೆ ಹಿಟ್ಟಿನಂತೆ ಮೆತ್ತಿಕೊಂಡು ಗಾಡಿಯನ್ನೇ ಹಿಡಿದು ನಿಲ್ಲಿಸುತ್ತಿತ್ತು. ಅಕ್ಕ ಮುಂದಿನ ತಗಡನ್ನೇ ಬಿಚ್ಚಿ ಅಟ್ಟಕ್ಕೆಸೆದಳು. ಆಮೇಲೆ ಮಣ್ಣೆಲ್ಲ ಅವಳ ಮುಖಕ್ಕೆ. ಹಾಗೆ ಮುಖವೆಲ್ಲ ಕಪ್ಪಾಗಿ ಒಮ್ಮೆ ತಾವರಗೇರಾಕ್ಕೆ ಹೋದಾಗ ಬಸುರಿಯ ಅತ್ತೆ ಒಳಗೆ ಬಿಡಲಿಲ್ಲ. ನೀರು ತರಿಸಿ ಮುಖ ತೊಳೆದ ಮೇಲೆಯೇ “ಯವ್ವಾ, ನರ್ಸಬಾಯಿ!” ಎಂದು ದಾರಿ ಬಿಟ್ಟಳು. ತಾಯಿ, ಕೂಸು ಇಬ್ಬರೂ ಉಳಿದರು.

ತಿಂಗಳಿಗೊಮ್ಮೆ ಅಕ್ಕ ಗಾಡಿ ಬಿಚ್ಚುತ್ತಿದ್ದಳು. ಹಳೆಯ ಧೋತರ ಹಾಸಿ, ಬಿಚ್ಚಿದ ಕ್ರಮದಲ್ಲೇ ಎಡದಿಂದ ಬಲಕ್ಕೆ ಇಡುವುದು. ಜೋಡಿಸುವಾಗ ಬಲದಿಂದ ಎಡಕ್ಕೆ ಬರುವುದು. ಹೆರಿಗೆಯ ಸಾಮಾನು ಜೋಡಿಸುವವಳ ಅಭ್ಯಾಸ ಅದು. ವರ್ಷಗಳು ಕಳೆದಂತೆ ನನಗೂ ಬಾಯಿಪಾಠವಾಯಿತು. ಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗದೆ ಗಾಡಿ ತಿಂಗಳುಗಟ್ಟಲೆ ಹಂಡೆಯ ಪಕ್ಕ ಸುಮ್ಮನೆ ನಿಂತಾಗಲೂ ಅವಳು ಬಿಚ್ಚಿ ತೊಳೆಯುವುದನ್ನು ಬಿಡಲಿಲ್ಲ.

ನಿಜಾಮರ ಸಂಸ್ಥಾನದ ಕೊನೆಯ ವರ್ಷ ಊರೂರಿಗೆ ನಿಜಾಮರ ಕಡೆಯ ಬಂದೂಕಿನ ಗುಂಪುಗಳು ಬರತೊಡಗಿದವು. ಗಾಡಿ, ಕುದುರೆ ಕಂಡಲ್ಲಿ ಎತ್ತಿಕೊಂಡು ಹೋಗುತ್ತಿದ್ದರು. ಕೊಪ್ಪಳದ ತೊಟ್ಟಿಲುಗಾಡಿಯೂ ಹೋಯಿತೆಂಬ ಸುದ್ದಿ ಬಂತು. ಅಕ್ಕ ಆ ಮಧ್ಯಾಹ್ನವೇ ಧೋತರ ಹಾಸಿದಳು.

“ಗಂಗೂ, ಇವತ್ತ ಪೂರಾ ಬಿಚ್ಚೂಣು.”

ಔಷಧಕ್ಕೆಂದು, ಕೂಸು ತೋರಿಸಲೆಂದು ಬಂದ ಹೆಂಗಸರೇ ಗಾಡಿಯನ್ನು ಹೊತ್ತುಕೊಂಡು ಹೋದರು. ಎಲ್ಲರೂ ಅಕ್ಕನ ಕೈಯಲ್ಲಿ ಹೆತ್ತವರು. ರೊಟ್ಟಿಬುಟ್ಟಿಯ ತಳದಲ್ಲಿ ಸರಪಳಿ ಹೋಯಿತು, ಮೇವಿನ ಹೊರೆಯಲ್ಲಿ ಗಾಲಿಗಳು ಹೋದವು. ಎಂಜಿನ್ನು ಒಬ್ಬರ ಮನೆಯ ಹಗೇವಿಗೆ, ನೆಲದೊಳಗಿನ ಆ ಕಾಳಿನ ಗುಂಡಿಗೆ ಇಳಿಯಿತು. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರು, ಮುಷ್ಟಿಯಷ್ಟೇ ಇರುವ ಹಿತ್ತಾಳೆಯ ಸಾಮಾನು, ಮಂಗಳೂರೆಂಬ ನಮ್ಮ ಕಡೆಯ ಹಳ್ಳಿಯ ಹನುಮವ್ವನ ಮಡಿಲಿಗೆ ಬಿತ್ತು. ತವರಿಗೆ ಬಂದಿದ್ದ ಅವಳು ಮರುದಿನ ಗಂಡನ ಮನೆಗೆ ಹೊರಟಿದ್ದಳು. “ಇದೊಂದು ಇಲ್ಲಂದ್ರ ಮಿಕ್ಕಿದ್ದೆಲ್ಲಾ ಬರೇ ಕಬ್ಬಣ ಐತಿ ನೋಡವಾ,” ಎಂದು ಅಕ್ಕ ಅವಳಿಗೆ ಹೇಳಿದಳು. ಹನುಮವ್ವ ಅದನ್ನು ಸೆರಗಿಗೆ ಗಂಟು ಹಾಕಿಕೊಂಡಳು.

ಗುಂಪು ಬಂತು. “ಗಾಡಿ ಎಲ್ಲೈತಿ?” ಎಂದು ಒಬ್ಬ ಕೇಳಿದ.

“ಇಲ್ರಿ. ಬಿಚ್ಚಿ ಹಾಕೇನಿ,” ಎಂದಳು ಅಕ್ಕ. ಸತ್ಯವನ್ನೇ ಹೇಳಿದಳು. ಅವಳು ಸ್ಟೋವಿನ ಮೇಲೆ ಕತ್ತರಿ ಕುದಿಸುತ್ತಿದ್ದಳು. ಅವರು ಅಟ್ಟ ಹುಡುಕಿದರು, ಹಂಡೆಯ ಪಕ್ಕದ ಎಣ್ಣೆಯ ಕಲೆ ನೋಡಿದರು, ಕೊನೆಗೆ ಸಿಟ್ಟಿಗೆ ನಟ್ಟು ಬಿಚ್ಚುವ ಪಾನಾಗಳ ಚೀಲ ಎತ್ತಿಕೊಂಡು ಹೋದರು.

ಗಲಾಟೆ ತಣ್ಣಗಾದ ಮೇಲೆ ಸಾಮಾನು ಒಂದೊಂದಾಗಿ ಬಂದವು. ಸರಪಳಿ ಇಟ್ಟುಕೊಂಡವಳು ಅದಕ್ಕೆ ತುಕ್ಕು ಹಿಡಿಯದಿರಲೆಂದು ವಾರವಾರ ಕುಸುಬೆ ಎಣ್ಣೆ ಹಚ್ಚಿದ್ದಳು. ಅದು ಅಂಟಾಗಿ, ಕೊಂಡಿಗಳೆಲ್ಲ ಬಿಗಿದು ಸರಪಳಿ ಕೋಲಿನಂತೆ ನಿಂತಿತ್ತು. ಅಕ್ಕ “ಭಾಳ ಛಲೋ ಇಟ್ಟೀದಿ” ಎಂದು ಹೊಗಳಿ, ಅವಳು ಹೋದ ಮೇಲೆ ಸೀಮೆಎಣ್ಣೆಯಲ್ಲಿ ನೆನೆಹಾಕಿದಳು. ಕಂಬಾರನ ಪಾನಾ ತಂದು ಜೋಡಿಸಿದೆವು. ಕಾರ್ಬೊರೇಟರು ಮಾತ್ರ ಬರಲಿಲ್ಲ. ಹನುಮವ್ವನ ಮನೆಯವರು ಊರು ಬಿಟ್ಟು ಗದಗಿನ ಕಡೆ ಓಡಿಹೋಗಿದ್ದಾರೆ ಎಂದು ತಿಳಿಯಿತು. ಮನೆ ಲೂಟಿಯಾಗಿತ್ತಂತೆ.

“ಹುಬ್ಬಳ್ಳಿಯಿಂದ ಹೊಸಾದು ತರಸೂಣೇಳು,” ಎಂದೆ.

“ತರಸಿದ್ರ, ಆಕಿ ಬಂದಾಗ ಏನ ಹೇಳ್ಲಿ?”

ಅಕ್ಕ ಮತ್ತೆ ಚಕ್ಕಡಿ ಹತ್ತಿದಳು. ನನಗೆ ಅದು ಹಟ ಅನ್ನಿಸಿತು. ತಡವಾಗುತ್ತಿದ್ದ ಒಂದೊಂದು ಕರೆಗೂ ಅವಳ ಮುಖ ಬಿಗಿಯುವುದನ್ನು ನೋಡಿ, ನಾನೇ ಹುಬ್ಬಳ್ಳಿಗೆ ಹೇಳಿಕಳಿಸುವವಳಿದ್ದೆ. ಅಷ್ಟರಲ್ಲಿ ಸಂತೆಯ ದಿನ ಹನುಮವ್ವ ಬಾಗಿಲಲ್ಲಿ ನಿಂತಿದ್ದಳು. ತೀರಾ ಬಡವಾಗಿದ್ದಳು. ಸೆರಗಿನ ಗಂಟು ಬಿಚ್ಚಿದಳು.

“ತಾಮ್ರದ ಕೊಡ ಬಿಟ್ಟ ಓಡೀವ್ರಿ ಅಕ್ಕಾರ. ಇದನ್ನ ಬಿಡಲಿಲ್ಲ.”

ಅಕ್ಕ ಅದನ್ನು ಬೆಳಕಿಗೆ ಹಿಡಿದು ಸಣ್ಣ ರಂಧ್ರವನ್ನು ನೋಡಿದಳು, ಊದಿದಳು, ಮತ್ತೆ ನೋಡಿದಳು. ಬಹಳ ಹೊತ್ತು ನೋಡುತ್ತಲೇ ಇದ್ದಳು. ಆಮೇಲೆ ನನಗೆ, “ಹನುಮವ್ವಗ ರೊಟ್ಟಿ ಹಚ್ಚಿ ಕೊಡು,” ಎಂದಳು.

ಸಂಜೆಗೆ ಗಾಡಿ ಅಂಗಳಕ್ಕೆ ಬಂತು. ಸುದ್ದಿ ತಿಳಿದು ಹೆಂಗಸರೆಲ್ಲ ನೆರೆದರು. ಮೊದಲು ಒದ್ದಾಗ ಕೆಮ್ಮಿತು, ಮತ್ತೆ ಒದ್ದಾಗ ಅಂಗಳದ ತುಂಬ ಹೊಗೆ ಬಿಟ್ಟು ಶುರುವಾಯಿತು. ಅಕ್ಕ ಹತ್ತಿ ಒಂದು ಸುತ್ತು ಹಾಕಿದಳು. ಆಗ ನಾನು ಗಮನಿಸಿದ್ದು, ಅವಳನ್ನು ಯಾರೂ ನೋಡುತ್ತಿರಲಿಲ್ಲ. “ನನ್ನ ಗಾಲಿ, ನೋಡ ನೋಡ, ನನ್ನ ಗಾಲಿ ತಿರಗಾಕತ್ತೈತಿ!” ಎಂದು ಒಬ್ಬಳು ಕೂಗಿದಳು. ಇನ್ನೊಬ್ಬಳು ತನ್ನ ಸರಪಳಿಯ ಹಿಂದೆಯೇ ಓಡಿದಳು. ಹನುಮವ್ವ ಕಟ್ಟೆಯ ಮೇಲೆ ರೊಟ್ಟಿ ಹಿಡಿದುಕೊಂಡು, ಕಣ್ಣು ಮುಚ್ಚಿ ಸದ್ದು ಕೇಳುತ್ತಿದ್ದಳು.

ಅಕ್ಕ ಹೋಗಿ ಎಷ್ಟೋ ವರ್ಷವಾಯಿತು. ಅವಳ ವಿಚಾರ ಯಾರು ಕೇಳಿದರೂ ಇಷ್ಟು ದಿನ ನಾನು ಅವಳ ಜಾಣತನದ ಕಥೆಯೆಂದೇ ಇದನ್ನು ಹೇಳುತ್ತ ಬಂದಿದ್ದೆ: ನೋಡಿ, ಸರಿಯಾದ ಗಾಡಿ ಆರಿಸಿದಳು, ಸರಿಯಾಗಿ ಸಾಕಿದಳು ಎಂದು. ಈಗ ಬರೆಯುತ್ತ ಕುಳಿತಾಗ ಗಾಡಿ ಬಚ್ಚಿಟ್ಟ ಹೆಂಗಸರ ಹೆಸರುಗಳೇ ಮೊದಲು ಬರುತ್ತಿವೆ. ಅವುಗಳಲ್ಲಿ ಕೆಲವು ಮರೆತುಹೋಗಿವೆ. ಹಗೇವು ಯಾರ ಮನೆಯದು ಎಂದು ನೆನಪಿಸಿಕೊಳ್ಳಲು ಬೆಳಿಗ್ಗೆಯಿಂದ ಪ್ರಯತ್ನಿಸುತ್ತಿದ್ದೇನೆ. ಕುಷ್ಟಗಿಯಲ್ಲಿ ಇನ್ನೂ ಯಾರಿಗಾದರೂ ಗೊತ್ತಿದ್ದೀತು. ನಾಳೆ ಮೊದಲ ಬಸ್ಸಿಗೆ ಹೋಗಿ ಕೇಳಿಕೊಂಡು ಬರಬೇಕು.