ನೀಲಿ ಲಾರಿಗೆ ತೂತು ಕೊರೆದದ್ದು

ಲಾರಿಯೊಂದು ಕರಡಿಯಾಗಬಹುದೇ ಎಂಬ ವಿಷಯಕ್ಕೆ ನಾನು ದಾವಣಗೆರೆಯ ಪಿ.ಜೆ. ಬಡಾವಣೆಯ ವಾಚ್ ಅಂಗಡಿಯೊಂದರಲ್ಲಿ ಇಡೀ ಬೇಸಿಗೆ ಜಗಳಾಡಿದ್ದೇನೆ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನನಗೆ ಇಪ್ಪತ್ತೊಂಬತ್ತು ವರ್ಷ, ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೆ. "ಈ ವಯಸ್ಸಿನಾಗೆ ಆಟದ ಸಾಮಾನು ಹಿಡ್ಕಂಡು ಕೂರ್ತೀಯಲ್ಲ, ನಿನಗೆ ಬುದ್ಧಿ ಐತೋ ಇಲ್ಲೋ?" ಎಂದು ಅವ್ವ ಪ್ರತಿ ಭಾನುವಾರ ತಪ್ಪದೆ ಕೇಳುತ್ತಿದ್ದಳು. ಐತೆ ಎಂದು ಹೇಳಿ ನಾನು ಚಪ್ಪಲಿ ಮೆಟ್ಟುತ್ತಿದ್ದೆ.

ಅಂಗಡಿ ನನ್ನ ಸೋದರಮಾವನದು. ಗೋಡೆ ಗಡಿಯಾರಗಳ ಕೆಳಗೆ ಗಾಜಿನ ಕಪಾಟಿನಲ್ಲಿ ಹನ್ನೊಂದು ರೋಬೋಟುಗಳಿದ್ದವು. ಮಡಚಿದರೆ ಕಾರಾಗುವವು, ವಿಮಾನವಾಗುವವು, ಕೈಗಡಿಯಾರವಾಗುವುದೂ ಒಂದು. ಗಿರಾಕಿಗಳು ರೇಟು ಕೇಳಿದರೆ ಮಾಮ, "ಮಾರೋವಲ್ಲ ಅವು, ನೋಡ್ಕಂಡು ಹೋಗ್ರಿ" ಅನ್ನುತ್ತಿದ್ದ. ಎಲ್ಲಕ್ಕೂ ಹಳೆಯದು ಕುವೈತಿನಿಂದ ಬಂದ ಗಿರಾಕಿಯೊಬ್ಬ ಕೊಟ್ಟ ನೀಲಿ ಲಾರಿ. ಅರ್ಧ ಲೋಹ, ಅರ್ಧ ಪ್ಲಾಸ್ಟಿಕ್. ಹೊಟ್ಟೆಯ ಕೆಳಗೆ ಕಡಲೆಬೇಳೆಯಷ್ಟು ಚಿಕ್ಕ ಚಿಲಕವಿತ್ತು. ಅದನ್ನು ಉಗುರಿನಿಂದ ಎತ್ತಿದರೆ ಮಾತ್ರ ಕಾಲುಗಳು ಹೊರಬರುತ್ತಿದ್ದವು, ಲಾರಿ ಎದ್ದು ಮನುಷ್ಯನಂತೆ ನಿಲ್ಲುತ್ತಿತ್ತು.

ಹಿಂದಿನ ವರ್ಷ ಮಾಮನಿಗೆ ಲಕ್ವ ಹೊಡೆದಿತ್ತು. ಕಾಲು ಸರಿಯಾಯಿತು, ಮಾತು ಸರಿಯಾಯಿತು, ಬಲಗೈಯ ಬೆರಳುಗಳು ಮಾತ್ರ ಹಿಂದಿನಂತಾಗಲಿಲ್ಲ. ಕೂದಲಿನಂಥ ಸ್ಪ್ರಿಂಗನ್ನು ಚಿಮ್ಮಟದಲ್ಲಿ ಎತ್ತಿ ಕೂರಿಸುತ್ತಿದ್ದ ಮನುಷ್ಯ ಈಗ ಬೆಲ್ಟು, ಸೆಲ್ಲು ಮಾರಿಕೊಂಡಿದ್ದ. ಸೆಲ್ ಹಾಕಿಕೊಡುವುದಕ್ಕೂ ಪಕ್ಕದ ಅಂಗಡಿಯವರು ಬರಬೇಕಿತ್ತು. ಅವನು ಅಳಲಿಲ್ಲ, ಬೈಯಲಿಲ್ಲ. ಒಂದೇ ಮಾತು ಹೇಳಿದ: "ಮಿಕ್ಕಿದ್ದು ಹೋದ್ರೆ ಹೋಗ್ಲಿ. ಆ ಲಾರೀನ ನಾನೇ ಎಬ್ಬಿಸಿ ನಿಲ್ಲಿಸ್ಬೇಕು. ಯಾರೂ ಕೈ ಹಚ್ಚಬಾರ್ದು."

ಚಿಲಕದ ಹತ್ತಿರ ಬಂದು ಅವನ ಬೆರಳು ಜಾರುತ್ತಿತ್ತು. ಪ್ರತಿ ಸಲವೂ ಅಲ್ಲಿಯೇ.

ಭಾನುವಾರ ಅಂಗಡಿಯಲ್ಲಿ ಸೇರುತ್ತಿದ್ದ ನಮ್ಮಲ್ಲಿ ಮೂರನೆಯವರು ಹರಿಹರದ ಮೇಸ್ತ್ರಿ. ಅಲ್ಲಿನ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದರು. ಒಮ್ಮೆ ಗಡಿಯಾರ ರಿಪೇರಿಗೆ ಬಂದು, ಕಪಾಟು ನೋಡಿ, ಅಂದಿನಿಂದ ಭಾನುವಾರದ ಬಸ್ಸು ತಪ್ಪಿಸದವರು. ಅವರ ಭಾವಮೈದುನ ದುಬೈಯಿಂದ ಹೊಸ ಮಾದರಿ ತಂದಿದ್ದ. ಡಬ್ಬಿಯ ಮೇಲೆ ನಮ್ಮ ನೀಲಿ ಲಾರಿಯದೇ ಹೆಸರು, ಒಳಗೆ ಕರಡಿ! ಚಕ್ರವಿಲ್ಲ, ಲೋಹವಿಲ್ಲ, ಮೈಮೇಲೆ ಪ್ಲಾಸ್ಟಿಕ್ ರೋಮ.

"ಇದು ಅದೇ ರೋಬೋಟ್ ಅಂತೆ," ಎಂದರು ಮೇಸ್ತ್ರಿ.

"ಹೆಸರಿಟ್ಟ ಮಾತ್ರಕ್ಕೆ ಆಗಿಬಿಡ್ತದೇನ್ರಿ?" ನನಗೆ ಮೈ ಉರಿಯಿತು.

"ತಂಗಿ, ಮಂಡಿ ನೋಡ್ರಿ, ಮಡಚ್ತದೆ. ಒಂಟಿ ಕಾಲ ಮೇಲೆ ನಿಲ್ತದೆ. ನಿಮ್ಮ ಲಾರಿ ಕೂಡ್ರು ಅಂದ್ರೆ ಕೂಡ್ರಂಗಿಲ್ಲ."

"ಲಾರಿ ಯಾಕ ಕೂಡ್ರಬೇಕು?"

ಮಾಮ ನಗುತ್ತ ಕರಡಿಯನ್ನು ಎಳೆದುಕೊಂಡ. ಎಡಗೈಯಲ್ಲಿ ಹಿಡಿದು ಬಲ ಅಂಗೈಯಿಂದ ಒತ್ತಿದ. ದಪ್ಪ ದಪ್ಪ ಭಾಗಗಳು, ಸಲೀಸಾದ ಕೀಲುಗಳು. ಐದು ನಿಮಿಷದಲ್ಲಿ ಕರಡಿ ರೋಬೋಟಾಗಿ ನಿಂತಿತು. ನಾನು ಅವನ ಕೈಯನ್ನು ನೋಡದೆ ಬಾಯಿ ಬಿಟ್ಟೆ: "ಇದು ಬೆರಳು ಬಾರದ ಕೂಸುಗಳಿಗೆ ಮಾಡಿದ್ದು."

ಮೇಸ್ತ್ರಿ ತಲೆ ತಗ್ಗಿಸಿದರು. ಆಗ ನನಗೆ ಹೊಳೆಯಿತು. ನಾಲಿಗೆ ಕಚ್ಚಿಕೊಂಡೆ, ಪ್ರಯೋಜನವೇನು? ಮಾಮನೇ ಅಂದ: "ಅವಳು ಹೇಳಿದ್ದು ಖರೆ ಐತೆ. ಇದು ನನ್ನ ಕೈಗೆ ಬಂತು, ಆದ್ರೆ ನನಗೆ ಬೇಕಾಗಿದ್ದು ಲಾರಿ."

ಮೇಸ್ತ್ರಿ ಹಾಗಾದರೆ ಲಾರಿಯನ್ನೇ ತಿದ್ದೋಣ ಎಂದರು. ಚಿಲಕಕ್ಕೆ ಸಣ್ಣ ತೂತು ಕೊರೆದು ಹಿಡಿಯಲು ಗುಂಡಿಯಂಥ ಗುಬುಟು ಕೂರಿಸುವುದು, ಬಿಗಿಯಾದ ಕಾಲಿನ ಪಿನ್ನು ಸ್ವಲ್ಪ ಉಜ್ಜುವುದು, ಅಷ್ಟೇ. ನನಗೆ ಅದು ಅಷ್ಟೇ ಆಗಿರಲಿಲ್ಲ. ಆ ಲಾರಿಗೆ ಒಂದು ಗೀರೂ ಬಿದ್ದಿರಲಿಲ್ಲ, ಸ್ಟಿಕ್ಕರು ಎದ್ದಿರಲಿಲ್ಲ. ಚಿಕ್ಕಂದಿನಲ್ಲಿ ಅದನ್ನು ಮುಟ್ಟುವ ಮೊದಲು ಮಾಮ ನನಗೆ ಕೈ ತೊಳೆಸುತ್ತಿದ್ದ. ಅಂಥದಕ್ಕೆ ಡ್ರಿಲ್ಲೇ? ಕೂಡದು ಎಂದೆ. ಸಾಮಾನು ತಿದ್ದುವುದಲ್ಲ, ಕೈ ತಿದ್ದೋಣ ಎಂದು ಹಟ ಹಿಡಿದೆ.

ಹಟವೆಂದರೆ ಸುಮ್ಮನೆ ಮಾತಿನ ಹಟವಲ್ಲ. ಶಾಲೆಗೆ ಬೇಸಿಗೆ ರಜೆಯಿತ್ತು, ದಿನಾ ಸಂಜೆ ನಿಜಲಿಂಗಪ್ಪ ಬಡಾವಣೆಯಲ್ಲಿದ್ದ ಮಾಮನ ಮನೆಗೆ ಹೋಗುತ್ತಿದ್ದೆ. ಚಪಾತಿ ಹಿಟ್ಟು ಹಿಸುಕಿಸಿದೆ, ಅಂಗಿ ಗುಂಡಿ ಹಾಕಿಸಿದೆ. ತಟ್ಟೆಯಲ್ಲಿ ಮಂಡಕ್ಕಿ ಸುರಿದು ಒಂದೊಂದೇ ಕಾಳು ಹೆಕ್ಕಿ ಬಟ್ಟಲಿಗೆ ಹಾಕು ಎಂದೆ. ಅವನಿಗೂ ನನ್ನದೇ ರಕ್ತ. ಬೆವರು ಸುರಿಸುತ್ತ ಹೆಕ್ಕುತ್ತಿದ್ದ, ನೂರು ದಾಟದೆ ಏಳುತ್ತಿರಲಿಲ್ಲ. ಎರಡು ತಿಂಗಳಿಗೆ ಮಂಡಕ್ಕಿ ಬಂತು, ಗುಂಡಿ ಬಂತು, ಪೆನ್ನು ಬಂತು. ಚಿಲಕ ಬರಲಿಲ್ಲ.

ಒಂದು ಸಂಜೆ ಅವನು ಬಟ್ಟಲನ್ನು ಪಕ್ಕಕ್ಕೆ ಸರಿಸಿದ. "ಆನೆಕೊಂಡದ ಅಜ್ಜ ಒಬ್ಬ ಬರ್ತಿದ್ನಲ್ಲ, ನೆನಪೈತಾ? ಬೆರಳು ಸೊಟ್ಟ ಆಗಿ ವಾಚಿಗೆ ಕೀ ಕೊಡಾಕೆ ಬರ್ತಿರ್ಲಿಲ್ಲ."

ನೆನಪಿತ್ತು. ಆ ಅಜ್ಜನ ಹಳೆಯ ವಾಚಿಗೆ ಕೀ ಕೊಡುವ ಪುಟ್ಟ ಗುಂಡಿ ತೆಗೆದು ಮಾಮ ದೊಡ್ಡದೊಂದನ್ನು ಕೂರಿಸಿಕೊಟ್ಟಿದ್ದ.

"ಆವತ್ತು ವಾಚು ಕೆಡ್ತು ಅಂದ್ಯಾ? ಚಲೋ ಕೆಲ್ಸ ಮಾಡ್ದೆ ಮಾಮ ಅಂದಿ. ಈಗ ನನ್ನ ಬೆರಳು ಸೊಟ್ಟ ಆಗ್ಯಾವೆ. ಲಾರಿ ಕಪಾಟಿಗೆ ಚೆಂದ ಇರ್ಲಿ ಅಂತೀಯಲ್ಲ, ನನ್ನ ಕೈಗೆ ಬರೋದು ಯಾಕ ಬ್ಯಾಡ?"

ಅವನ ಕೈ ಸರಿಹೋಗಲಿ ಎಂದುಕೊಂಡೇ ಎರಡು ತಿಂಗಳು ನಾನು ಲಾರಿಯನ್ನು ಕಾಯ್ದಿದ್ದೆ. ಇದು ಅರ್ಥವಾದಾಗ ನನಗೆ ನಿಜವಾಗಿಯೂ ನಾಚಿಕೆಯಾಯಿತು.

ಮರುದಿನ ಭಾನುವಾರ. ಲಾರಿಯನ್ನು ಹತ್ತಿ ಬಟ್ಟೆಯಲ್ಲಿ ಸುತ್ತಿ, ಮಡಿಲಲ್ಲಿಟ್ಟುಕೊಂಡು, ಹರಿಹರದ ಬಸ್ಸು ಹತ್ತಿದೆ. ಮಾಮ ಬರಲಿಲ್ಲ. "ಕೊರೆಯೋದು ನೋಡಾಕೆ ನನ್ನಿಂದಾಗಂಗಿಲ್ಲ" ಎಂದು ಹೇಳಿ, ಅಲಾರಾಂ ಗಡಿಯಾರದ ಹಿತ್ತಾಳೆ ಗುಬುಟೊಂದನ್ನು ಡಬ್ಬಿಯಿಂದ ತಾನೇ ಆರಿಸಿ ನನ್ನ ಅಂಗೈಯಲ್ಲಿಟ್ಟಿದ್ದ. ಮೇಸ್ತ್ರಿಯ ಮನೆ ಹಿತ್ತಲಿನ ತಗಡಿನ ಚಪ್ಪರದ ಕೆಳಗೆ ಲಾರಿಯನ್ನು ಬಟ್ಟೆ ಸಮೇತ ವೈಸಿನ ಕಬ್ಬಿಣದ ದವಡೆಗೆ ಕಚ್ಚಿಸಿದರು. ಕೈ ಡ್ರಿಲ್ಲನ್ನು ನನ್ನತ್ತ ಚಾಚಿದರು.

"ನೀವೇ ಕೊರೀರಿ ತಂಗಿ. ನಾ ಕೊರೆದ್ರೆ ಸಾಯೋತನಕ ನನ್ನ ಬೈತೀರಿ."

ಬೈಯುತ್ತಿದ್ದೆ, ಅದರಲ್ಲೇನೂ ಸುಳ್ಳಿಲ್ಲ. ಹಲ್ಲು ಕಚ್ಚಿ ಹಿಡಿಕೆ ತಿರುಗಿಸಿದೆ. ಬೆಳ್ಳನೆಯ ಲೋಹದ ಪುಡಿ ನೀಲಿ ಬಣ್ಣದ ಮೇಲೆ ಉದುರಿತು. ಕಣ್ಣು ತುಂಬಿ ಏನೂ ಕಾಣದಾದಾಗ ನಿಲ್ಲಿಸಿ, ಸೆರಗಿನಲ್ಲಿ ಒರೆಸಿಕೊಂಡು, ಮತ್ತೆ ತಿರುಗಿಸಿದೆ. ಗುಬುಟು ಕೂರಿಸಿದ್ದೂ, ಪಿನ್ನು ಉಜ್ಜಿದ್ದೂ ಮೇಸ್ತ್ರಿ. ಮಧ್ಯಾಹ್ನದ ಹೊತ್ತಿಗೆ ಇಬ್ಬರೂ ದಾವಣಗೆರೆಗೆ ಹೊರಟೆವು.

ಮಾಮ ಅಂಗಡಿಯಲ್ಲಿ ಮೇಜು ಒರೆಸಿಕೊಂಡು ಕಾಯುತ್ತಿದ್ದ. ಲಾರಿಯನ್ನು ಮಗುಚಿ ಹಾಕಿ ಗುಬುಟು ಹಿಡಿದ. ಮೊದಲ ಸಲ ಜಾರಿತು. ಎರಡನೆಯ ಸಲವೂ ಜಾರಿತು. ಮೂರನೆಯ ಸಲ ಕಟ್ ಎಂದು ಚಿಲಕ ಎದ್ದಿತು. ಬಲಗಾಲು ಹೊರಬಂತು, ಎಡಗಾಲು ಅರ್ಧಕ್ಕೆ ನಿಂತಿತು. ನನ್ನ ಕೈ ತಾನಾಗಿಯೇ ಮುಂದಕ್ಕೆ ಹೋಯಿತು. ಮಾಮ ಅದರ ಮೇಲೆ ಪಟ್ಟನೆ ಒಂದು ಕೊಟ್ಟ. ಸೆಲ್ ಹಾಕಿಸಲು ಬಂದ ಗಿರಾಕಿಯೊಬ್ಬ ಬಾಗಿಲಲ್ಲಿ ನಿಂತು, "ಲೇಟಾಗ್ತದೇನ್ರಿ?" ಎಂದ.

"ಆಗ್ತದೆ. ಬರ್ರಿ, ಕೂಡ್ರಿ," ಎಂದ ಮಾಮ ತಲೆ ಎತ್ತದೆ.

ಅರ್ಧ ಗಂಟೆಗೂ ಹೆಚ್ಚು ಹಿಡಿಯಿತು. ಮೂಗಿನ ತುದಿಯಿಂದ ಬೆವರು ಮೇಜಿಗೆ ತೊಟ್ಟಿಕ್ಕುತ್ತಿತ್ತು. ಕೊನೆಗೆ ತೋಳು ತಿರುಗಿಸಿ, ತಲೆ ಎಳೆದು, ಮೇಜಿನ ನಡುವೆ ಅದನ್ನು ನಿಲ್ಲಿಸಿ ಎರಡೂ ಕೈ ಬಿಟ್ಟ. ರೋಬೋಟ್ ನಿಂತಿತು. ಮೇಸ್ತ್ರಿ ಬಗ್ಗಿ ತಾವು ಪಿನ್ನು ಉಜ್ಜಿದ ಕಾಲನ್ನು ನೋಡಿದರು. ನಾನು ಬಿಕ್ಕಿ ಬಿಕ್ಕಿ ಅತ್ತೆ.

ಮಾಮ ನಮ್ಮಿಬ್ಬರನ್ನೂ ನೋಡಲಿಲ್ಲ. ಬಲಗೈಯನ್ನು ಪಂಚೆಗೆ ಒರೆಸಿಕೊಂಡು, ಬಾಗಿಲ ಬಳಿ ಕೂತಿದ್ದ ಗಿರಾಕಿಯತ್ತ ಚಾಚಿದ.

"ಕೊಡ್ರಿ ನಿಮ್ಮ ವಾಚು. ಸೆಲ್ಲು ನಾನೇ ಹಾಕ್ತೀನಿ."